ಎರಡನೇ ಆಲ್ಬಂನಲ್ಲಿ ಗುಡುಗನ ಕೈ

ಗುಡುಗ ಸೋಫಾ ರಿಪೇರಿ ಮಾಡುವವನು. ಬಾಯಲ್ಲಿ ಸಣ್ಣ ಮೊಳೆ ಕಚ್ಚಿಕೊಂಡು, ಹಳೆ ಸೀಟಿನ ಮೇಲೆ ಹೊಸ ಬಟ್ಟೆ ಎಳೆದು ಬಿಗಿಯುವಾಗ ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಮೊಳೆ ಉಗುಳಿದ ಮೇಲೆ ಆಡುತ್ತಿದ್ದದ್ದೆಲ್ಲ ಬೈಗುಳವೇ. ಗಿರಾಕಿಯನ್ನು ಬೈಯುತ್ತಿದ್ದ, ಸ್ಪಂಜನ್ನು ಬೈಯುತ್ತಿದ್ದ, ಆದರೆ ಸಿಂಹಪಾಲು ಮೀಸಲಾಗಿದ್ದದ್ದು ಅಕ್ಕನ ಗಂಡನಿಗೆ. ಭಾವ, ಭಾವಮೈದರದ್ದು ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಬೀದಿಗೆಲ್ಲ ಗೊತ್ತಿತ್ತು.

ಸುಮ್ಸುಮ್ಮನೆ ಅಲ್ಲ, ನೋಡಿ. ಪ್ರಾಯದಲ್ಲಿ ಇಬ್ಬರೂ ಒಂದೇ ಬ್ಯಾಂಡಿನಲ್ಲಿದ್ದರು. ಭಾವ ಹಾಡುತ್ತಿದ್ದ, ಇವನು ಡ್ರಮ್ಸ್ ನುಡಿಸುತ್ತಿದ್ದ. ಹಾಡು ಕೊನೆಗೆ ಬರುತ್ತಿದ್ದಂತೆ ಇವನ ಕೈ ಓಡುತ್ತಿತ್ತು, ಮಿಕ್ಕವರು ಏದುಸಿರು ಬಿಡುತ್ತಾ ಹಿಂದೆ ಓಡಬೇಕು. ಜನ ಎದ್ದು ಕುಣಿಯುತ್ತಿದ್ದದ್ದೇ ಆ ಓಟಕ್ಕೆ, ಗುಡುಗ ಅನ್ನೋ ಹೆಸರು ಅಂಟಿದ್ದೂ ಆಗಲೇ. ಮೊದಲ ಆಲ್ಬಂ ರೆಕಾರ್ಡ್ ಮಾಡುವಾಗ ಮಾತ್ರ ಭಾವ, ಈ ಓಡುವ ಕೈ ಸಹವಾಸವೇ ಬೇಡ ಅಂತ, ಇವನಿಗೆ ಒಂದು ಮಾತೂ ಹೇಳದೆ ಹೊರಗಿನವನೊಬ್ಬನನ್ನು ಕರೆಸಿ ನುಡಿಸಿಬಿಟ್ಟ. ಕವರಿನ ಮೇಲೆ ಮುಖ ಇವನದು, ಒಳಗಿನ ಕೈ ಬೇರೆಯವನದು. ಆಲ್ಬಂ ಕೇಳಿದವರು ನಾಲ್ಕೇ ಜನ ಇರಬಹುದು, ಆ ನಾಲ್ಕು ಜನ ಬಂದು ಎಂಥಾ ನುಡಿಸಾಣಿಕೆಯಪ್ಪಾ ಅಂದಾಗಲೆಲ್ಲ ಇವನು ಇಂಗು ತಿಂದ ಮಂಗನ ಹಾಗೆ ನಿಲ್ಲಬೇಕಾಯಿತು. ಆ ಜಗಳಕ್ಕೇ ಬ್ಯಾಂಡು ಒಡೆದು, ಡ್ರಮ್ಸು ಅಂಗಡಿಯ ಅಟ್ಟ ಸೇರಿತು.

ವರ್ಷಗಳು ಕಳೆದು, ತಲೆ ಬೋಳಾಗಿ ಹೊಟ್ಟೆ ಮುಂದೆ ಬಂದ ಮೇಲೆ ಭಾವನಿಗೆ ಬ್ಯಾಂಡನ್ನು ಮತ್ತೆ ಎಬ್ಬಿಸುವ ಹುಚ್ಚು ಹಿಡಿಯಿತು. ಹೇಳಹೆಸರಿಲ್ಲದ ಹಳೆ ಬ್ಯಾಂಡುಗಳೆಲ್ಲ ಹೊಸ ಆಲ್ಬಂ ಬಿಡ್ತಿರುವಾಗ ನಾವ್ಯಾಕೆ ಬಾಯಿ ಮುಚ್ಚಿಕೊಂಡಿರಬೇಕು ಅಂತ. ಕೇಳುವುದಕ್ಕೆ ಅವನು ಬರಲಿಲ್ಲ, ಅಕ್ಕನನ್ನು ಕಳಿಸಿದ. ಗುಡುಗ ಮೊಳೆ ಉಗುಳಿ, ಮೊದಲು ಭಾವನ ವಂಶ ಜಾಲಾಡಿ, ಆಮೇಲೆ ಒಂದೇ ಷರತ್ತು ಹಾಕಿದ. ತನ್ನ ಕೈಯೇ ಇರಬೇಕು, ಒಂದೇಟನ್ನೂ ಯಾರೂ ಮುಟ್ಟಕೂಡದು. ಭಾವ ಮಾತು ಕೊಟ್ಟ ಅಂತ ಅಕ್ಕ ಬಂದು ಹೇಳಿದಳು. ಸಾಯೋದರೊಳಗೆ ಒಂದು ಆಲ್ಬಂನಲ್ಲಾದರೂ ತನ್ನ ಕೈ ತನಗೆ ಕೇಳಬೇಕು, ಗುಡುಗನಿಗೆ ಬೇಕಿದ್ದದ್ದು ಅಷ್ಟೇ.

ರೆಕಾರ್ಡಿಂಗ್ ಕೋಣೆ ಒಂದು ಗೋದಾಮಿನ ಮೂಲೆಯಲ್ಲಿತ್ತು. ಗೋಡೆಗೆ ಅಂಟಿಸಿದ್ದ ಸ್ಪಂಜು ಕಳಪೆ ಅಂತ ಕಾಲಿಟ್ಟ ಕೂಡಲೇ ಜಗಳ ತೆಗೆದ. ತಾಳ ತಪ್ಪದಿರಲಿ, ಕಿವಿಗೆ ಟಿಕ್ ಟಿಕ್ ಹಾಕಿಕೊಳ್ಳಿ ಅಂದ ರೆಕಾರ್ಡಿಸ್ಟಿಗೆ, ಅದನ್ನು ನಿಮ್ಮಪ್ಪನ ಕಿವಿಗೆ ಹಾಕು ಅಂದ. ಕಣ್ಣು ಮುಚ್ಚಿ, ಬೆವರು ಕಿತ್ತು ಬರುವ ಹಾಗೆ ನುಡಿಸಿದ. ಹೇಗಿತ್ತು ಅಂತ ಇವನು ಕೇಳಲಿಲ್ಲ, ಜೊತೆಗೆ ನುಡಿಸಿದವರೂ ಹೇಳಲಿಲ್ಲ. ಹೊಟ್ಟೆಕಿಚ್ಚು ಮುಂಡೇವಕ್ಕೆ ಅಂದುಕೊಂಡು ಅಂಗಡಿಗೆ ಹೋದ.

ಬಿಡುಗಡೆಗೆ ಮುಂಚೆ ಎಲ್ಲರೂ ಅದೇ ಕೋಣೆಯಲ್ಲಿ ಕೂತು ಆಲ್ಬಂ ಕೇಳುವುದು ಅಂತಾಯಿತು. ಮೊದಲ ಹಾಡು ಕೊನೆಗೆ ಬಂತು, ಓಟ ಬರಲಿಲ್ಲ. ಏಟೆಲ್ಲ ಅಳೆದು ಹೊಡೆದ ಮೊಳೆಗಳ ಹಾಗೆ ಸಮಸಮವಾಗಿ ಬಿದ್ದವು. ಎರಡನೆಯದೂ ಹಾಗೇ. ಕಂಪ್ಯೂಟರಿನಲ್ಲಿ ಒಂದೊಂದೇ ಏಟನ್ನು ಎಳೆದು ಸಾಲಿಗೆ ಕೂರಿಸಿದ್ದಾರೆ ಅಂತ ತಿಳಿಯಲು ಗುಡುಗನಿಗೆ ಮೂರನೆಯ ಹಾಡು ಬೇಕಾಗಲಿಲ್ಲ.

ಎದ್ದು ನಿಂತ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂದ, ನಾಯಿ ಬಾಲ ಯಾವತ್ತಿದ್ದರೂ ಡೊಂಕೇ ಅಂದ, ಅಕ್ಕನನ್ನು ಇಂಥವನಿಗೆ ಕೊಟ್ಟ ಅಪ್ಪನಿಗೂ ಒಂದು ಪಾಲು ಹಂಚಿದ. ಭಾವ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ. ಎದುರು ಮಾತಾಡದ್ದಕ್ಕೆ ಇವನ ಪಿತ್ತ ಇನ್ನಷ್ಟು ಏರಿತು. ತಾನು ನುಡಿಸಿದ್ದನ್ನು ಈಗಿಂದೀಗಲೇ ಹಾಕು ಅಂತ ರೆಕಾರ್ಡಿಸ್ಟಿನ ಕುರ್ಚಿ ಹಿಡಿದು ಅಲ್ಲಾಡಿಸಿದ. ರೆಕಾರ್ಡಿಸ್ಟು ಭಾವನ ಮುಖ ನೋಡಿದ. ಬೇಡ ಅಂದ ಭಾವ.

"ಹಾಕಪ್ಪಾ," ಅಂದಳು ಅಕ್ಕ. "ಕೇಳಿಸ್ಕೊಳ್ಲಿ."

ಗುಡುಗ ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದ. ಶುರು ಚೆನ್ನಾಗಿಯೇ ಇತ್ತು. ನಡುವೆ ಎಡಗೈ ಏಟು ಕೂದಲೆಳೆಯಷ್ಟು ತಡವಾಯಿತು, ಆಮೇಲೆ ಇನ್ನೂ ತಡವಾಯಿತು. ಕೊನೆಯಲ್ಲಿ, ಓಡಬೇಕಾದ ಜಾಗದಲ್ಲಿ, ಮೆಟ್ಟಿಲು ಹತ್ತುವ ಮುದುಕನ ಹಾಗೆ ನಿಂತು ನಿಂತು ಬರುತ್ತಿತ್ತು ಕೈ. ಮಿಕ್ಕವರು ಅವನಿಗಾಗಿ ಕಾದು ಕಾದು ನುಡಿಸಿದ್ದರು, ಅದೂ ಕೇಳುತ್ತಿತ್ತು. ಬಟ್ಟೆ ಎಳೆದೆಳೆದು ಬೆರಳ ಗಂಟುಗಳು ಊದಿದ್ದು ಅವನಿಗೆ ಗೊತ್ತಿತ್ತು. ಆದರೆ ನುಡಿಸುವಾಗ ಓಡಿದ್ದೇನೆ ಅಂತಲೇ ಅವನು ನಂಬಿದ್ದ.

ತಿದ್ದಿಸಿದ್ದು ತಾನು ಅಂದಳು ಅಕ್ಕ. ಮಾತು ಕೊಟ್ಟಿದ್ದೀನಿ, ಹೇಗಿದೆಯೋ ಹಾಗೇ ಇರಲಿ ಅಂತ ಭಾವ ತನ್ನ ಜೊತೆ ದಿನಗಟ್ಟಲೆ ಜಗಳಾಡಿದ, ತಮ್ಮನನ್ನು ನೋಡಿ ಜನ ನಗಬಾರದು ಅಂತ ತಾನೇ ಹಟ ಹಿಡಿದೆ ಅಂದಳು.

ಗುಡುಗನಿಗೆ ನಾಚಿಕೆಯಾಗಬೇಕಿತ್ತು, ಆದರೆ ಬಂದದ್ದು ಸಿಟ್ಟು. ತಾನು ಉಣ್ಣುವಾಗ, ಮಲಗುವಾಗ ಶಪಿಸಿಕೊಂಡು ಬಂದಿದ್ದ ಭಾವ ಈ ಒಂದು ಸಲ ಮಾತಿಗೆ ನಿಂತಿದ್ದ. ಮೊದಲ ಆಲ್ಬಂ ಮೋಸವನ್ನಾದರೂ ಕ್ಷಮಿಸಬಹುದಿತ್ತು, ಇದನ್ನು ಕ್ಷಮಿಸುವುದು ಹೇಗೆ?

"ನನ್ನದೇ ಹಾಕಿ ಬಿಡುಗಡೆ ಮಾಡಿ," ಅಂದ.

ಮಾತು ಉಳಿಸಿಕೊಳ್ಳಲು ಜಗಳಾಡಿದವನೇ ಈಗ ಹೆದರಿದ. "ಬೇಡಪ್ಪ," ಅಂದ ಭಾವ. "ಗುಡುಗನ ಕಥೆ ಮುಗೀತು ಅಂತಾರೆ ಜನ."

"ಅನ್ನಲಿ ಭಾವ. ಮುಗಿದವನಾದ್ರೂ ನಾನೇ ಆಗಿರ್ತೀನಲ್ಲ."

ಮಿಕ್ಕ ಹಾಡುಗಳನ್ನೂ ಹಾಕು ಅಂತ ರೆಕಾರ್ಡಿಸ್ಟಿಗೆ ಹೇಳಿ, ಕುರ್ಚಿ ಎಳೆದುಕೊಂಡು ಕೂತ. ಭಾವ ಮೆಲ್ಲಗೆ ಬಂದು ಪಕ್ಕದಲ್ಲಿ ಕೂರಲು ಹೋದ. ಆ ಕಡೆ ಹೋಗಿ ಕೂತ್ಕೊಳ್ಳಿ ಅಂದ ಗುಡುಗ.