ಗುವಾಹಟಿಗೆ ಕಟ್ಟಿದ ಬುತ್ತಿ

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಹುಟ್ಟುವ ಮುಂಚಿನ ಮಾತಿದು. ನನ್ನ ಮಗಳು ಚೊಚ್ಚಲ ಹೆರಿಗೆಗೆ ಸುರಪುರಕ್ಕೆ, ತವರಿಗೆ ಬರಬೇಕಿತ್ತು. ಅಳಿಯನಿಗೆ ದೂರದ ಗುವಾಹಟಿಯಲ್ಲಿ ರೈಲ್ವೆ ಕೆಲಸ. ಅಲ್ಲಿಯ ಡಾಕ್ಟರು ಅವಳಿಗೆ ಪ್ರಯಾಣ ಬೇಡವೆಂದುಬಿಟ್ಟರು. ಮಗಳು ಬಾರದಿದ್ದರೆ ತಾಯಿಯೇ ಹೋಗಬೇಕಲ್ಲ, ಅದೂ ಕೂಸು ಬರುವುದರೊಳಗೆ.

"ಹೈದರಾಬಾದಿನಿಂದ ವಿಮಾನ ಅದರಿ ಅತ್ತಿ. ಎರಡೂವರೆ ತಾಸು ಅಷ್ಟ" ಎಂದರು ಅಳಿಯ ಫೋನಿನಲ್ಲಿ.

ಅಳಿಯನ ಮುಂದೆ ನನಗೆ ಮಾತು ಹೊರಡುವುದಿಲ್ಲ. "ಹ್ಞೂಂರಿ" ಎಂದೆ. ನಂಬಲಿಲ್ಲ.

ನಮ್ಮಲ್ಲಿ ದೂರವನ್ನು ಬುತ್ತಿಯಿಂದ ಅಳೆಯುತ್ತೇವೆ. ಶಹಾಪುರಕ್ಕೆ ಬುತ್ತಿ ಬೇಡ, ಯಾದಗಿರಿ ಕಚೇರಿಗೆ ಒಂದೊತ್ತಿನದು, ತಿರುಪತಿಗೆ ಎರಡು ದಿನದ್ದು. ಗುವಾಹಟಿ ನಕಾಶೆಯ ಆ ತುದಿಗಿದೆ. ನಾನೂ ಮೈದುನನ ಹೆಂಡತಿಯೂ ಕೂತು ನಾಲ್ಕು ದಿನಕ್ಕಾಗುವಷ್ಟು ಕಡಕ್ ರೊಟ್ಟಿ ಬಡಿದೆವು.

"ಅಕ್ಕಾ, ಈ ಗಂಟು ನೋಡಿದ್ರ ವಿಮಾನ ಏಳಂಗಿಲ್ಲ ನೋಡು" ಎಂದಳು ಆಕೆ.

"ನಗಬ್ಯಾಡ. ನಡುದಾರ್ಯಾಗ ನಿಂತ್ರ ಏನ್ ತಿನ್ನೂದು?"

"ಹೌದ್ ಮತ್ತ, ಮುಗಿಲಾಗ ಪಂಚರ್ ತಗಿಯೂ ಅಂಗಡಿ ಎಲ್ಲದಾವ!"

ಯಾದಗಿರಿಯಿಂದ ಮೈದುನ ರೈಲಿನಲ್ಲಿ ಹೈದರಾಬಾದಿಗೆ ಕರೆದೊಯ್ದ. ಪಾಸು ತೆಗೆಸಿ ವಿಮಾನ ನಿಲ್ದಾಣದ ಒಳಗೂ ಬಂದ. ಅಲ್ಲಿ ಚೀಲ ತೂಗಿದ ಹುಡುಗಿ ತಲೆಯಾಡಿಸಿದಳು. ಭಾರ ಹೆಚ್ಚು, ಏನಾದರೂ ತೆಗೆಯಬೇಕು. ಅಂಟಿನ ಉಂಡೆಯ ಡಬ್ಬಿ ಬಾಣಂತಿಗೆಂದು ಮಾಡಿದ್ದು, ಅದನ್ನು ತೆಗೆಯುವಂತಿಲ್ಲ. ರೊಟ್ಟಿಯೇ ಹೊರಗೆ ಬಂತು.

"ಕೊಡು ವೈನಿ, ನಾ ಮನಿಗಿ ಒಯ್ತೀನಿ" ಎಂದ ಮೈದುನ.

ನಾನು ಗಂಟು ಕೊಡಲಿಲ್ಲ. ಪ್ರಯಾಣಕ್ಕೆ ಕಟ್ಟಿದ ಬುತ್ತಿ ತಿನ್ನದೆ ಮನೆಗೆ ಮರಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುತ್ತಾರೆ. ಇದಂತೂ ಹೆರಿಗೆಯ ಕೆಲಸ. ಸಂತೆಯಲ್ಲೂ ತಲೆ ಎತ್ತದ ನಾನು ಸೆರಗು ಬಿಗಿದು ಸರದಿಯ ಕಡೆ ತಿರುಗಿದೆ.

"ಮಗಳ ಹೆರಿಗಿಗಿ ಹೊಂಟೀನ್ರಿ. ಜ್ವಾಳದ ರೊಟ್ಟಿ ಅವ, ಒಂದೊಂದು ತಗೋರಿ."

ಮೊದಲು ಯಾರೂ ಕೈಚಾಚಲಿಲ್ಲ. ಆಮೇಲೆ ಹಿಂದಿದ್ದ ಅಜ್ಜಿಯೊಬ್ಬರು ಒಂದು ತೆಗೆದುಕೊಂಡು ಕಟಕ್ಕೆಂದು ಮುರಿದರು. ಆ ಸದ್ದಿಗೇ ನಾಲ್ಕು ಕೈ ಬಂದವು, ಆಮೇಲೆ ಇಡೀ ಸರದಿಯವು. ರೊಟ್ಟಿಗೆ ನಂಚಲು ಕಟ್ಟಿದ್ದ ಶೇಂಗಾ ಹಿಂಡಿಯೂ ಖಾಲಿಯಾಯಿತು. ಕೊನೆಯ ರೊಟ್ಟಿಗೆ ತೂಗುವ ಹುಡುಗಿ "ಅಮ್ಮಾ, ಮೇರೆಕೂ ಏಕ್!" ಎಂದು ಕೈಯೊಡ್ಡಿದಳು.

ವಿಮಾನದಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ನೆಲ ಮುಟ್ಟಿತು. ಯಾದಗಿರಿಯಿಂದ ಬಂದ ರೈಲಿನಷ್ಟು ಹೊತ್ತೂ ಆಗಿರಲಿಲ್ಲ. ನಡುವಿನ ನಿಲ್ದಾಣವಿರಬೇಕೆಂದು ನಾನು ಬೆಲ್ಟು ಬಿಗಿದುಕೊಂಡೇ ಕೂತೆ. ಎಲ್ಲರೂ ಇಳಿದ ಮೇಲೆ ಒಬ್ಬಾಕೆ ಬಂದು, ನಗುತ್ತಾ ಬೆಲ್ಟು ಬಿಚ್ಚಿ ಎಬ್ಬಿಸಿದಳು.

ಹೊರಗೆ ಅಳಿಯ ಬೆವರುತ್ತಾ ನಿಂತಿದ್ದರು. "ಬ್ಯಾನಿ ಸುರು ಆಗ್ಯಾವ್ರಿ ಅತ್ತಿ!" ಅಲ್ಲಿಂದ ನೇರ ಮಗಳನ್ನು ಸೇರಿಸಿದ್ದ ಆಸ್ಪತ್ರೆಗೇ ಹೋದೆವು.

"ಅವ್ವಾ, ಇಷ್ಟ್ ಲಗೂ ಹ್ಯಾಂಗ್ ಬಂದಿ?" ಎಂದಳು ಮಗಳು.

"ಕಣ್ಣ್ ಮುಚ್ಚಿ ತೆರಿಯೂದ್ರಾಗ ಇಳಿಸಿಬಿಟ್ರವ್ವಾ" ಎಂದೆ.

ನಗುತ್ತಿದ್ದವಳಿಗೆ ಅಷ್ಟರಲ್ಲೇ ನೋವು ಬಂತು, ನನ್ನ ಕೈ ಹಿಂಡಿ ಹಿಡಿದಳು. ಆ ಕೈ ಬಿಡಿಸಿಕೊಂಡದ್ದು ಸಂಜೆಗೆ, ದೊಡ್ಡವಳನ್ನು ಎತ್ತಿಕೊಳ್ಳಲು.