ಒಗ್ಗರಣೆಗೆ ಮುಂಚಿನ ತಾಟು

ಅವರ ಎಡಹುಬ್ಬಿನ ಮೇಲೆ ಯಾವಾಗಲೂ ಜೋಳದ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ರೊಟ್ಟಿ ಬಡಿಯುವಾಗ ಬೆವರು ಇಳಿದರೆ ಎಡಗೈಯ ಮಣಿಕಟ್ಟಿನಿಂದ ಹಣೆ ಒರೆಸಿಕೊಳ್ಳುವುದು ಅವರ ರೂಢಿ. ಹಾಗಾಗಿ ಒಂದು ಹುಬ್ಬು ಕಪ್ಪು, ಇನ್ನೊಂದು ಬಿಳಿ. ಹೊಸ ಗಿರಾಕಿಗಳು ನೋಡಿ ನಕ್ಕರೆ, "ನಗ್ರಿ, ಈಗ ನಗ್ರಿ. ಉಂಡ ಮ್ಯಾಲೆ ನಗಾಕ ಹೊಟ್ಟ್ಯಾಗ ಜಾಗ ಇರಂಗಿಲ್ಲ" ಎನ್ನುತ್ತಿದ್ದರು.

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಖಾನಾವಳಿ. ಬೋರ್ಡು ಇರಲಿಲ್ಲ. ಅಕ್ಕಿ ಗಿರಣಿಯ ಗುಮಾಸ್ತರು, ಲಾರಿ ಡ್ರೈವರುಗಳು, ಬೀಜ ಗೊಬ್ಬರದ ಅಂಗಡಿಯವರು, ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಸಂತೆಗೆ ಬಂದವರು, ಎಲ್ಲರಿಗೂ ಅವರು ಅಕ್ಕ. ನನ್ನ ಮನೆ ಲಿಂಗಸುಗೂರಿನಲ್ಲಿ. ಹೆಂಡತಿ ಗುರುಗುಂಟಾದ ಶಾಲೆಯಲ್ಲಿ ಟೀಚರ್. ನಾನು ಸಿಂಧನೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿಕೊಂಡು, ಒಂದು ರೂಮು ಹಿಡಿದು, ಶನಿವಾರ ಮಧ್ಯಾಹ್ನ ಮಸ್ಕಿ ಮೇಲಿನ ಬಸ್ಸಿಗೆ ಊರು ಸೇರುತ್ತಿದ್ದೆ. ವಾರದ ಊಟವೆಲ್ಲ ಅಕ್ಕನ ಕೈಯದು.

ಆಗ ನಾನು ದಪ್ಪಗಿದ್ದೆ. ಸುಮ್ಮನೆ ದಪ್ಪ ಅಲ್ಲ. ಆಟೋದವರು ದೂರದಿಂದ ಕಂಡ ಕೂಡಲೇ "ಸರ, ನೀವು ನಡಕ ಕುಂದ್ರಿ" ಎಂದು ಜಾಗ ತೋರಿಸುವಷ್ಟು ದಪ್ಪ. ಅಕ್ಕನಿಗೆ ನನ್ನ ಮೈಯೇ ಖಾನಾವಳಿಯ ಬೋರ್ಡು. ಯಾರಾದರೂ ಎರಡು ರೊಟ್ಟಿ ತಿಂದು ಎದ್ದರೆ ನನ್ನ ಕಡೆ ಕೈ ಮಾಡಿ, "ಸರ ನೋಡ್ರಿ, ಹ್ಯಾಂಗ ಉಣ್ತಾರ! ನೀವು ಉಣ್ಣಾಕ ಬಂದೀರೋ, ರುಚಿ ನೋಡಾಕ ಬಂದೀರೋ?" ಎಂದು ಕೇಳುತ್ತಿದ್ದರು. ನಾನು ಆ ಹೊಗಳಿಕೆಗೆ ಉಬ್ಬಿ ಇನ್ನೊಂದು ರೊಟ್ಟಿ ಮುರಿಯುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನನ್ನು ಅಷ್ಟು ಮೆಚ್ಚಿಕೊಂಡವರು ಕಾಲೇಜಿನಲ್ಲಿ ಯಾರೂ ಇರಲಿಲ್ಲ.

ನಮ್ಮ ಕಡೆ ಬಡಿಸುವವರು 'ಸಾಕು' ಎಂಬುದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಉಣ್ಣುವವನು ಮರ್ಯಾದೆಗೆ ಹಾಗೆನ್ನಬೇಕು, ನೀಡುವವರು ಮರ್ಯಾದೆಗೆ ಇನ್ನೊಂದು ಹಾಕಬೇಕು. ಅಕ್ಕ ಇದರಲ್ಲಿ ಎಲ್ಲರನ್ನೂ ಮೀರಿಸಿದವರು. ನಾವು ಮುಂದೆ ನೋಡುತ್ತಿದ್ದರೆ ಹಿಂದಿನಿಂದ ಬಂದು ರೊಟ್ಟಿ ಹಾಕಿ ಹೋಗಿರುತ್ತಿದ್ದರು. ಅವರ ಇನ್ನೊಂದು ಹೆಮ್ಮೆ ಒಗ್ಗರಣೆ. ಬೇಳೆ, ಪಲ್ಯ ಮೊದಲೇ ಬೇಯಿಸಿಟ್ಟಿದ್ದರೂ ಒಗ್ಗರಣೆ ಮಾತ್ರ ಗಿರಾಕಿಗಳು ಸಾಲಾಗಿ ಕೂತ ಮೇಲೆಯೇ. ಕಾದ ಎಣ್ಣೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಬಿದ್ದು ಚುಂಯ್ ಎಂದರೆ ಓಣಿಯ ತುದಿಯವರೆಗೂ ಘಮ. "ಒಗ್ಗರಣಿ ಸಪ್ಪಳ ಕೇಳಲಿಲ್ಲಂದ್ರ ಅದು ದವಾಖಾನಿ ಊಟರೀ" ಎನ್ನುತ್ತಿದ್ದರು.

ಆಮೇಲೆ ನನ್ನ ಸಕ್ಕರೆ ಕಾಯಿಲೆ ಏರಿತು. ಮೊಣಕಾಲು ಮುಷ್ಕರ ಹೂಡಿದವು. ಮೆಟ್ಟಿಲು ಹತ್ತಿ ಹೋದವನು ಹಾಜರಿ ಕರೆಯುವ ನೆಪದಲ್ಲಿ ಉಸಿರು ಸುಧಾರಿಸಿಕೊಳ್ಳುತ್ತಿದ್ದೆ. ಕೊನೆಗೆ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಸಣ್ಣದು ಮಾಡುವ ಆಪರೇಷನ್ ಆಗಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಅಕ್ಕನಿಗೆ ಹೇಳಿದಾಗ ಅವರು ಹಿಟ್ಟಿನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು.

"ಅಯ್ಯ ನಮ್ಮಪ್ಪಾ! ಛಲೋ ಇರೋ ಹೊಟ್ಟಿ ಯಾಕ ಕೊಯ್ಸ್ಕೋತೀರಿ? ನಾಳಿಂದ ನಾನ ಕಮ್ಮಿ ನೀಡ್ತೀನಿ ತಗೋರಿ."

"ನೀವು ಕಮ್ಮಿ ನೀಡ್ತೀರಿ?"

ಅಕ್ಕ ಒಂದು ಕ್ಷಣ ಯೋಚಿಸಿದರು. "ಇಲ್ಲ ಬಿಡ್ರಿ, ನನ್ನ ಕೈಲೆ ಆಗಂಗಿಲ್ಲ. ಹೋಗ್ರಿ, ಕೊಯ್ಸ್ಕೊಂಡು ಆರಾಮಾಗಿ ಬರ್ರಿ."

ಆಪರೇಷನ್ ಚೆನ್ನಾಗಿಯೇ ಆಯಿತು. ತೂಕ ಇಳಿಯಿತು, ಸಕ್ಕರೆ ಹದಕ್ಕೆ ಬಂತು, ಮೆಟ್ಟಿಲು ನನ್ನ ಮಾತು ಕೇಳತೊಡಗಿದವು. ಆದರೆ ಕೆಲವು ತಿಂಗಳಾದ ಮೇಲೆ ಎರಡು ಹೊಸ ನೋವು ಬಂದು ಕೂತವು. ಒಂದು ಮೈಗ್ರೇನ್. ಬಲಗಣ್ಣಿನ ಹಿಂದೆ ಶುರುವಾಗಿ ಅರ್ಧ ತಲೆಯನ್ನು ಹಿಂಡುತ್ತಿತ್ತು; ಬೆಳಕು ಬೇಡ, ಸದ್ದು ಬೇಡ, ವಾಸನೆಯಂತೂ ಬೇಡವೇ ಬೇಡ. ಇನ್ನೊಂದು ದವಡೆ ನೋವು. ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯಬೇಕೆಂದು ಡಾಕ್ಟರು ಹೇಳಿದ್ದರಿಂದ ನಾನು ವಿಧೇಯ ವಿದ್ಯಾರ್ಥಿಯಂತೆ ಅಗಿದದ್ದೇ ಅಗಿದದ್ದು. ಅದರ ಮೇಲೆ ನಿದ್ದೆಯಲ್ಲಿ ಹಲ್ಲು ಕಚ್ಚುತ್ತೇನೆಂದು ಹಲ್ಲಿನ ಡಾಕ್ಟರು ಕಂಡುಹಿಡಿದರು. ಬಾಯಿ ತೆರೆದರೆ ಕಿವಿಯ ಮುಂದಿನ ಕೀಲು ಟಕ್ ಎನ್ನುತ್ತಿತ್ತು. ಎಲ್ಲರೂ ಚಹಾದ ಜೊತೆ ನುಂಗುವ ನೋವಿನ ಗುಳಿಗೆ ನನ್ನ ಹೊಸ ಹೊಟ್ಟೆಗೆ ಆಗುವುದಿಲ್ಲ, ಹುಣ್ಣಾಗುತ್ತದೆ ಎಂದು ಆಪರೇಷನ್ ಮಾಡಿದ ಡಾಕ್ಟರು ಎಚ್ಚರಿಸಿದ್ದರು. ಅವರೇ ಕೊಟ್ಟ ಬೇರೆ ಮಾತ್ರೆ ಅರ್ಧ ಕೆಲಸ ಮಾಡುತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆನೋವು, ಉಣ್ಣಲು ಹೋದರೆ ದವಡೆ ನೋವು. ಮಧ್ಯಾಹ್ನದ ಊಟ ತಪ್ಪಿದ ದಿನ ಮೂರು ಗಂಟೆಯ ತರಗತಿಯಲ್ಲಿ ಕಪ್ಪು ಹಲಗೆ ಅಲುಗಾಡುತ್ತಿತ್ತು. ಎರಡು ಸಲ ಪಾಠ ನಡುವೆಯೇ ನಿಲ್ಲಿಸಿ ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಪ್ರಿನ್ಸಿಪಾಲರು ಒಳ್ಳೆಯವರೇ, ಆದರೂ "ಹೀಗಾದರೆ ಹೇಗೆ ಸರ್?" ಎಂದು ಕೇಳಿಯೇ ಕೇಳಿದರು. ನನಗೂ ಅದೇ ಪ್ರಶ್ನೆ. ಮಧ್ಯಾಹ್ನ ಒಂದು ಹಿಡಿ ಅನ್ನ ನೆಮ್ಮದಿಯಾಗಿ ಉಣ್ಣಲಾಗದಿದ್ದರೆ ನೌಕರಿ ಉಳಿಸಿಕೊಳ್ಳುವುದು ಕಷ್ಟ ಎಂಬುದು ಸ್ಪಷ್ಟವಾಗಿತ್ತು.

ಅಕ್ಕನ ಖಾನಾವಳಿಗೆ ಮತ್ತೆ ಹೋಗತೊಡಗಿದೆನಲ್ಲ, ಅಲ್ಲಿ ಇನ್ನೊಂದು ಸಂಕಟ. ಅವರು ಎಂದಿನಂತೆ ರೊಟ್ಟಿಯ ಗೋಪುರ ಕಟ್ಟಿದರು. ನಾನು ಕಾಲು ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ದವಡೆ ಹಿಡಿದುಕೊಂಡು ತಿಂದು ಕೈ ಎತ್ತಿದೆ.

"ಯಾಕ್ರೀ ಸರ, ಛಲೋ ಆಗಿಲ್ಲೇನು?"

"ಛಲೋ ಆಗೈತಕ್ಕ. ಸಾಕು."

"ಯಾರರ ಏನರ ಹೇಳ್ಯಾರೇನು ನನ್ನ ಅಡಗಿ ಮ್ಯಾಲೆ?"

ಆಪರೇಷನ್ನಿನ ವಿಚಾರ ಅವರಿಗೆ ಗೊತ್ತಿಲ್ಲವೆಂದಲ್ಲ. ಹೊಟ್ಟೆ ಸಣ್ಣದಾದರೂ ಊಟ ಸಣ್ಣದಾಗುತ್ತದೆ ಎಂಬುದನ್ನು ಅವರ ಮನಸ್ಸು ಒಪ್ಪಲಿಲ್ಲ, ಅಷ್ಟೆ. ದಿನಾ ಒತ್ತಾಯ ಮಾಡುವರು, ದಿನಾ ನಾನು ಬಿಟ್ಟು ಏಳುವೆ, ದಿನಾ ಅವರ ಮುಖ ಸಣ್ಣಗಾಗುವುದು.

ಕೊನೆಗೆ ಅವರು ಕಾರಣ ಕಂಡುಕೊಂಡರು. ಅಷ್ಟು ಗಿರಾಕಿಗಳ ಮುಂದೆ ನನ್ನ ಊಟವನ್ನು ವರ್ಷಗಟ್ಟಲೆ ಹೊಗಳಿದ್ದರಿಂದ ನನಗೆ ದೃಷ್ಟಿ ತಾಗಿದೆ, ತಪ್ಪು ತಮ್ಮದೇ! ಒಂದು ಮಧ್ಯಾಹ್ನ ಹಣೆ ಒತ್ತಿಕೊಂಡು ಕೂತಿದ್ದ ನನ್ನ ಸುತ್ತ ಉಪ್ಪು, ಸಾಸಿವೆ, ಒಂದು ಮುಷ್ಟಿ ಬ್ಯಾಡಗಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಆ ದಿನ ಬಂದ ಘಾಟಿಗೆ ಗಿರಣಿಯ ಗುಮಾಸ್ತರು ತಾಟು ಬಿಟ್ಟು ಓಣಿಗೆ ಓಡಿದರು. ಅಕ್ಕ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೆಮ್ಮುತ್ತ ಕೆಮ್ಮುತ್ತ, "ಸರ... ದೃಷ್ಟಿ... ಏನೂ ಆಗಿಲ್ರೀ!" ಎಂದು ತೀರ್ಪು ಕೊಟ್ಟರು. ಈಗ ನೆನೆದರೆ ನಗು ಬರುತ್ತದೆ. ಆಗ ನನ್ನ ಅರ್ಧ ತಲೆ ಸಿಡಿದುಹೋದಂತಾಗಿ ಹಿತ್ತಲಿಗೆ ಓಡಿ ಅಲ್ಲೇ ಕುಸಿದೆ.

ಅಕ್ಕ ನನ್ನನ್ನು ತಮ್ಮ ಮಲಗುವ ಕೋಣೆಗೆ ಕರೆದೊಯ್ದು, ಕಿಟಕಿಗೆ ಕೌದಿ ಕಟ್ಟಿ ಕತ್ತಲು ಮಾಡಿ, ಬಾಗಿಲಲ್ಲಿ ಕೂತರು. ನಾನು ಗೋಡೆಗೆ ಮುಖ ಮಾಡಿ ಮಗುವಿನಂತೆ ನರಳಿದ್ದನ್ನು ಅವರು ಅಂದೇ ಮೊದಲು ಕಂಡದ್ದು. ನೋವು ಸ್ವಲ್ಪ ಇಳಿದಾಗ ಎಲ್ಲ ಹೇಳಿಬಿಟ್ಟೆ. ಹಿಂಗೇ ಆದರೆ ದೀರ್ಘ ರಜೆ ಹಾಕಿ ಊರಿಗೆ ಹೋಗುತ್ತೇನೆ, ಆಮೇಲೆ ನೌಕರಿಯ ಮಾತು ದೇವರಿಗೇ ಗೊತ್ತು ಎಂದೆ.

"ಘಾಟಿಗೆ ಹಿಂಗಾಯ್ತೇನು?" ಅಕ್ಕ ಮೆಲ್ಲಗೆ ಕೇಳಿದರು.

"ಘಾಟಿಗೆ, ಹೊಗೀಗೆ. ಒಗ್ಗರಣೀಗೂ ಆಗ್ತೈತಕ್ಕ."

"ನನ್ನ ಒಗ್ಗರಣೀಗಾ?"

ಹೂಂ ಎಂದೆ. ಅವರು ಎದ್ದು ಕಿಟಕಿಯ ಕೌದಿಯನ್ನು ಇನ್ನಷ್ಟು ಬಿಗಿದರು. ಆಮೇಲೆ ಅದುವರೆಗೆ ಎಂದೂ ಕರೆಯದಂತೆ ಕರೆದರು: "ತಮ್ಮಾ, ನಾಳಿ ಉಣ್ಣಾಕ ಬಾ. ರಜಾ ಗಿಜಾ ಆಮ್ಯಾಲೆ ನೋಡೂಣು."

ಮರುದಿನ ಹೋದರೆ ಖಾನಾವಳಿ ತುಂಬಿತ್ತು, ಆದರೆ ಒಲೆಯ ಮೇಲೆ ಎಣ್ಣೆಯ ಬಾಣಲೆ ಇರಲಿಲ್ಲ. ಅಕ್ಕ ನನ್ನ ಮುಂದೆ ಸಣ್ಣ ತಾಟು ಇಟ್ಟರು: ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಮೇಲೆ ಕಡೆದ ಮಜ್ಜಿಗೆ, ಚಿಟಿಕೆ ಉಪ್ಪು. ಅಗಿಯುವ ಕೆಲಸವೇ ಇಲ್ಲ. ಪಕ್ಕದಲ್ಲಿ ಗುಮಾಸ್ತರೊಬ್ಬರು ಬೇಳೆಯಲ್ಲಿ ಬೆರಳಾಡಿಸಿ ಕೂಗಿದರು:

"ಅಕ್ಕಾ, ಒಗ್ಗರಣಿ ಎಲ್ಲಿ?"

"ಬರ್ತೈತಿ ಕುಂದ್ರು. ಸರ ಉಣ್ಣಾಕತ್ತಾರ."

"ಸರ ಉಂಡ್ರ ನನ್ನ ಬ್ಯಾಳಿಗೆ ಏನಾಗ್ತೈತಿ?"

"ಸರಗ ಘಾಟು ಆಗಂಗಿಲ್ಲ. ಗಡಿಬಿಡಿ ಇದ್ರ ಬರೇ ಬ್ಯಾಳಿ ಉಣ್ಣು, ಇಲ್ಲಂದ್ರ ಬ್ಯಾರೆ ಹೋಟ್ಲು ನೋಡ್ಕೋ. ಬಾಯಿ ಮಾಡಬ್ಯಾಡ, ಅವ್ರಿಗೆ ತಲಿ ಸಿಡಿತೈತಿ."

ಇಬ್ಬರು ಎದ್ದು ಹೋದರು. ಅಕ್ಕ ತಲೆ ಎತ್ತಿ ನೋಡಲಿಲ್ಲ. ನನಗೆ ನಾಚಿಕೆಯಾಗಿ ಬೇಗ ಬೇಗ ನುಂಗಹೋದರೆ, "ನಿಧಾನ ಉಣ್ರಿ. ಉಳಿದೋರು ಎಲ್ಲೂ ಓಡಿ ಹೋಗಂಗಿಲ್ಲ" ಎಂದರು, ಓಡಿ ಹೋದವರ ಬೆನ್ನು ಇನ್ನೂ ಕಾಣುತ್ತಿರುವಾಗಲೇ. ಕೆಲವು ಚಮಚಕ್ಕೇ ಹೊಟ್ಟೆ ತುಂಬಿತು. 'ಸಾಕು' ಎಂದೆ, ವಾದಕ್ಕೆ ಸಿದ್ಧನಾಗಿಯೇ. ಅಕ್ಕ ತಾಟಿನಲ್ಲಿ ಉಳಿದದ್ದನ್ನು ನೋಡಿದರು, ನನ್ನ ಮುಖ ನೋಡಿದರು. ಅವರ ಕೈ ಅಭ್ಯಾಸ ಬಲದಿಂದ ಪಾತ್ರೆಯ ಕಡೆ ಹೋಯಿತು, ನಿಂತಿತು. ಆಮೇಲೆ ತಾಟು ಎತ್ತಿಕೊಂಡು ಒಳಗೆ ಹೋದರು. ನನ್ನ ಜೀವನದಲ್ಲಿ ಅದುವರೆಗೆ ಯಾರೂ, ನನ್ನ ತಾಯಿಯೂ ಸೇರಿ, ನನ್ನ ತಾಟನ್ನು ಹಾಗೆ ಮಾತಿಲ್ಲದೆ ಎತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ನಾನು ಕಾಲೇಜಿನ ಗಂಟೆ ಹೊಡೆದ ಕೂಡಲೇ ಬರುವುದು, ಉಣ್ಣುವುದು, ಹಿತ್ತಲ ಬಾಗಿಲಿನಿಂದ ಹೊರಬೀಳುವುದು. ಗಿರಾಕಿಗಳಿಗೂ ರೂಢಿಯಾಯಿತು. ನಾನು ನಲ್ಲಿಯ ಹತ್ತಿರ ಹೋದರೆ ಸಾಕು, ಯಾವನೋ ಡ್ರೈವರು "ಸರ ಕೈ ತೊಳದ್ರು, ಹಾಕಕ್ಕಾ!" ಎಂದು ಕೂಗುತ್ತಿದ್ದ. ಹಿಂದೆ ಚುಂಯ್ ಎನ್ನುವಷ್ಟರಲ್ಲಿ ನಾನು ಓಣಿ ದಾಟಿರಬೇಕು. ತೂಕ ಇಳಿದದ್ದರ ನಿಜವಾದ ಪ್ರಯೋಜನ ನನಗೆ ಆ ಓಟದಲ್ಲಿ ತಿಳಿಯಿತು.

ಅಕ್ಕನ ನುಚ್ಚಿನಿಂದ ಮೈಗ್ರೇನ್ ವಾಸಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ನರರೋಗದ ಡಾಕ್ಟರು ಮಾತ್ರೆ ಬದಲಿಸಿದರು, ರಕ್ತ ಪರೀಕ್ಷೆ ನೋಡಿ ವಿಟಮಿನ್ ಕೊಟ್ಟರು, ಹೊತ್ತು ತಪ್ಪಿಸಬೇಡ, ಗುಟುಕು ಗುಟುಕಾಗಿ ನೀರು ಕುಡಿ ಎಂದರು. ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಹಲ್ಲಿನ ಡಾಕ್ಟರು ಒಂದು ಅಚ್ಚು ಮಾಡಿಸಿಕೊಟ್ಟರು. ಅದನ್ನು ನೋಡಿ ಅಕ್ಕ, "ಎತ್ತಿನ ಬಾಯಿಗೆ ಕುಕ್ಕಿ ಹಾಕ್ದಂಗಾತು ಬಿಡ್ರಿ" ಎಂದು ಬಿದ್ದು ಬಿದ್ದು ನಕ್ಕರು. ಆದರೆ ಡಾಕ್ಟರು ಹೇಳಿದ 'ಹೊತ್ತಿಗೆ ಸರಿಯಾಗಿ' ಎಂಬುದು ನನಗೆ ಸಾಧ್ಯವಾದದ್ದು ಅಕ್ಕ ಒಲೆಯನ್ನು ತಡೆದು ನಿಂತದ್ದರಿಂದ. ರಜೆಯ ಅರ್ಜಿ ನಾನು ಬರೆಯಲೇ ಇಲ್ಲ.

ಅವರು ಹೇಳಿಕೊಡುತ್ತಿದ್ದ ಉಪಾಯಗಳಲ್ಲಿ ಅರ್ಧ ಉಪಯೋಗಕ್ಕೆ ಬರುತ್ತಿರಲಿಲ್ಲ. ಹಣೆಗೆ ಶುಂಠಿ ಹಚ್ಚಿ ಉರಿ ಬರಿಸಿದರು. ತಲೆಗೆ ಬಿಗಿಯಾಗಿ ಅರಿವೆ ಕಟ್ಟಿ ದವಡೆಗೆ ಇನ್ನಷ್ಟು ನೋವು ಮಾಡಿದರು. ಒಮ್ಮೆ ಡ್ರೈವರೊಬ್ಬ ಕರುಣೆಯಿಂದ ತನ್ನ ಕಿಸೆಯ ಗುಳಿಗೆ ನನಗೆ ಕೊಡಹೋದಾಗ ಮಾತ್ರ ಅಕ್ಕ ಹದ್ದಿನಂತೆ ಬಂದು ಕಸಿದುಕೊಂಡರು. "ಕೊಲ್ತೀಯೇನಲೇ ಸರನ್ನ?" ಎಂದು ಬೈದ ಬೈಗುಳಕ್ಕೆ ಪಾಪ ಅವನು ಒಂದು ವಾರ ಈ ಕಡೆ ಸುಳಿಯಲಿಲ್ಲ.

ಒಂದು ದಿನ ಗಿರಾಕಿ ಕಡಿಮೆ ಇದ್ದಾಗ ಅಕ್ಕ ನನ್ನ ಎದುರು ಕೂತರು. ನಾನು ನುಚ್ಚು ಉಣ್ಣುವುದನ್ನೇ ನೋಡುತ್ತ, "ನಿಮಗ ನೀಡೋದಂದ್ರ ನನಗ ಹಬ್ಬ ಇತ್ರೀ ಸರ" ಎಂದರು. ನಾನು, "ನನಗೂ ಹಬ್ಬ ಇತ್ತಕ್ಕ" ಎಂದೆ. ಬದುಕಲು ಬೇಕಾದ್ದನ್ನೇ ಮಾಡಿದ್ದೆ, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೂ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತ, ಹಸಿವೆಂದರೆ ಹಸಿವು, ಉಂಡರೆ ತೃಪ್ತಿ ಎಂದಿದ್ದ ಆ ದಿನಗಳಿಗಾಗಿ ನಾವಿಬ್ಬರೂ ಅಂದು ಸ್ವಲ್ಪ ಹೊತ್ತು ದುಃಖಪಟ್ಟೆವು. ಬೇರೆ ಯಾರ ಮುಂದೆ ಆ ದುಃಖ ಹೇಳಿಕೊಂಡಿದ್ದರೂ ನಕ್ಕಿರುತ್ತಿದ್ದರು.

ಎರಡು ವರ್ಷದ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಖಾನಾವಳಿ ಮುಚ್ಚಿ, ಪಾಮನಕಲ್ಲೂರಿನ ಮಗಳು ಅವರನ್ನು ತನ್ನ ಮನೆಗೆ ಕರೆದೊಯ್ದಳು. ನಾನು ಶನಿವಾರಗಳಂದು ಮಸ್ಕಿಯಲ್ಲಿ ಬಸ್ ಇಳಿದು, ಅಲ್ಲಿಂದ ಟಂಟಂ ಆಟೋ ಹಿಡಿದು ನೋಡಲು ಹೋಗುತ್ತಿದ್ದೆ. ಪ್ರತಿ ಸಲವೂ ಅವರ ಮೊದಲ ಪ್ರಶ್ನೆ ಒಂದೇ: "ತಲಿ?" ಬರ್ತೈತಿ, ಆದರೆ ಮೊದಲಿನಷ್ಟಲ್ಲ ಎಂದರೆ ಅರ್ಧ ಮುಖದಲ್ಲಿ ನಗುತ್ತಿದ್ದರು.

ಕೊನೆಯ ಸಲ ಹೋದಾಗ ಬಹಳ ಇಳಿದುಹೋಗಿದ್ದರು. ಮಗಳು ಬಟ್ಟಲಲ್ಲಿ ಗಂಜಿ ಹಿಡಿದು ಕೂತಿದ್ದಳು. ಎರಡು ಚಮಚ ಇಳಿದ ಮೇಲೆ ಅಕ್ಕ ತುಟಿ ಬಿಗಿದು ಮುಖ ಗೋಡೆಗೆ ತಿರುಗಿಸಿದರು. ಮಗಳು ಗದ್ದ ಹಿಡಿದು ಮತ್ತೆ ಈ ಕಡೆ ತಿರುಗಿಸಿದಳು. ನೆರೆಮನೆಯ ಹೆಂಗಸರು, "ಇನ್ನೊಂದು ಗುಟುಕು, ಇನ್ನೊಂದೇ ಒಂದು" ಎಂದು ಸುತ್ತ ನಿಂತಿದ್ದರು. ಗಂಜಿ ತುಟಿಯಂಚಿನಿಂದ ಕುತ್ತಿಗೆಗೆ ಇಳಿಯಿತು. ಅಕ್ಕನ ಕಣ್ಣು ನನ್ನನ್ನು ಹುಡುಕಿತು.

"ಸಾಕಂತವ್ವ," ಎಂದೆ ಮಗಳಿಗೆ.

"ಎಲ್ಡು ಚಮಚರೀ ಸರ! ಊರ ಮಂದಿಗೆಲ್ಲ ಉಣ್ಣಿಸಿದಾಕಿ, ಹಿಂಗ ಉಪಾಸ ಮಲಗಿದ್ರ ನನಗ ಹ್ಯಾಂಗ ಆಗಬೇಕು?" ಎಂದು ಅವಳು ಅತ್ತಳು.

"ಉಪಾಸ ಅಲ್ಲವ್ವ, ಹೊಟ್ಟಿ ತುಂಬೈತಿ. ನನಗೂ ಎಲ್ಡು ಚಮಚಕ್ಕ ತುಂಬ್ತಿತ್ತು. ಆಗ ನನ್ನ ಮಾತು ನಂಬಿದೋರು ನಿಮ್ಮವ್ವ ಒಬ್ಬರೇ."

ಅವಳು ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು. ಬಟ್ಟಲು ಕೆಳಗಿಟ್ಟು ಸೆರಗಿನಿಂದ ತಾಯಿಯ ಗದ್ದ ಒರೆಸಿದಳು. ಅಕ್ಕ ಕಣ್ಣು ಮುಚ್ಚಿದರು.

ಮುಂದಿನ ಶನಿವಾರಕ್ಕೆ ಮೊದಲೇ ಅವರು ಹೋದರು. ಮಣ್ಣು ಮುಗಿದ ಮೇಲೆ ಮಗಳು ನನ್ನನ್ನು ಟಂಟಂವರೆಗೆ ಕಳಿಸಲು ಬಂದಳು. ನಾನು ಹತ್ತಿ ಕೂತ ಮೇಲೆ ಹೇಳಿದಳು: "ನೀವು ಬಂದು ಹೋದ ಮ್ಯಾಲೆ ಅವ್ವಗ ಯಾರೂ ಒತ್ತಾಯ ಮಾಡ್ಲಿಲ್ರೀ ಸರ."