ರಾಯಚೂರಿನ ಬಿಸಿಲು, ಜೋಗುಪಾಳ್ಯದ ಕೂಸು

ತೆಳುವಾದ ಹೊದಿಕೆ ಹುಡುಕಲು ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ವಾಸನೆಯ ಹಿಂದೆಯೇ ಹನುಮವ್ವ ನೆನಪಿನಲ್ಲಿ ಬಂದು ನಿಂತಳು. ಆಕೆಯ ಮೊಮ್ಮಗನ ಉಣ್ಣೆ ಕುಲಾವಿಯೂ ಹೀಗೆಯೇ ನಾರುತ್ತಿತ್ತು.

ಆಗ ನಾನು ಬೆಂಗಳೂರಿನ ಹಲಸೂರು ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಹವಾಮಾನ ಬದಲಾವಣೆ ಮತ್ತು ಮಕ್ಕಳ ಆರೋಗ್ಯ ಎಂಬ ತರಬೇತಿಗೆ ನಮ್ಮನ್ನೆಲ್ಲ ಒಂದು ಹಾಲ್‌ನಲ್ಲಿ ಕೂರಿಸಿದರು. ಪರದೆಯ ಮೇಲಿನ ಚಿತ್ರ ಕಾಣಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದರು. ಪುಳಿಯೋಗರೆ ಊಟವಾಯಿತು, ಕರೆಂಟು ಹೋಯಿತು. ಭೂಮಿ ಬಿಸಿಯಾಗುತ್ತಿದೆ ಎಂದು ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ಹೇಳಿದಾಗ ಯಾರಿಗೂ ಅನುಮಾನ ಉಳಿಯಲಿಲ್ಲ.

"ಏನಮ್ಮಾ, ಇದು ಟ್ರೈನಿಂಗಾ, ಇಡ್ಲಿ ಪಾತ್ರೆನಾ?" ಎಂದಳು ಪಕ್ಕದಲ್ಲಿದ್ದ ಮೇರಿ ಸಿಸ್ಟರ್.

ಹಸುಗೂಸುಗಳ ಮೈ ದೊಡ್ಡವರ ಮೈಯಂತೆ ಸೆಕೆ ತಾಳದು, ಬೇಸಗೆಯಲ್ಲಿ ಬಟ್ಟೆ ಸುತ್ತಿ ಬೇಯಿಸಬಾರದು, ತಾಯಂದಿರಿಗೆ ಕಾರಣ ವಿವರಿಸಿ ಹೇಳಿ ಎಂದರು ಡಾಕ್ಟರು. ನಾನು ವಿಧೇಯ ಶಿಷ್ಯೆ. ಮಾರನೇ ದಿನವೇ ವಿವರಿಸಲು ಜೋಗುಪಾಳ್ಯಕ್ಕೆ ಹೊರಟೆ. ಕರೆಯದೆ ಬಂದವರನ್ನು ಕೆರದಲ್ಲಿ ಹೊಡಿ ಎಂಬ ಗಾದೆ ನಮ್ಮ ನೌಕರಿ ನೋಡಿಯೇ ಹುಟ್ಟಿರಬೇಕು.

ತಗಡಿನ ಸೂರಿನ ಬಾಡಿಗೆ ಕೋಣೆ. ಗಾರೆ ಕೆಲಸಕ್ಕೆಂದು ರಾಯಚೂರಿನಿಂದ ಬಂದ ಸಂಸಾರ. ಹನುಮವ್ವನ ತೊಡೆಯ ಮೇಲೆ ಎರಡು ತಿಂಗಳ ಮೊಮ್ಮಗ. ತಲೆಗೆ ಕುಲಾವಿ, ಮೈಗೆ ಸ್ವೆಟರು, ಕಾಲಿಗೆ ಚೀಲ, ಮೇಲೊಂದು ಕೌದಿ. ಮುಖ ಕೆಂಪಗೆ ಕಾದಿತ್ತು. ಬೆಳಗಿನಿಂದ ಸರಿಯಾಗಿ ಹಾಲು ಕುಡಿದಿಲ್ಲವೆಂದು ಸೊಸೆ ಮೆಲ್ಲಗೆ ಹೇಳಿ ಅತ್ತೆಯ ಮುಖ ನೋಡಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕಲಿತದ್ದನ್ನೆಲ್ಲ ಒದರಿದೆ. ಕಾರ್ಖಾನೆಯ ಹೊಗೆ, ಕರಗುವ ಹಿಮ, ಏರುವ ಸಮುದ್ರ ಒಂದನ್ನೂ ಬಿಡಲಿಲ್ಲ. ಹನುಮವ್ವ ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿದಳು.

"ಇದೂ ಒಂದು ಬಿಸಲೇನ್ರೀ ಅಕ್ಕಾರ? ನಮ್ಮ ರಾಯಚೂರಿಗೆ ಬಂದು ನೋಡ್ರಿ. ಈ ಊರಾಗ ಬರೇ ಥಂಡಿ. ಕುಲಾವಿ ತಗದ್ರ ಕೂಸಿಗೆ ನೆಗಡಿ ಆಗ್ತದ."

ಕಾರಣಗಳ ಮೂಟೆ ಖಾಲಿಯಾಗಿತ್ತು. ಉಳಿದದ್ದು ತುಂಟಬುದ್ಧಿ ಮಾತ್ರ.

"ಕೂಸು ಎಲ್ಲಿ ಹುಟ್ಟಿದ್ದು, ಅಜ್ಜಿ?"

"ಇಲ್ಲೇ, ಶಿವಾಜಿನಗರದ ದವಾಖಾನ್ಯಾಗ."

"ಹಾಗಾದ್ರೆ ಬಿಡಿ, ನಿಮ್ಮ ಥರ ರಾಯಚೂರಿನ ಗಟ್ಟಿ ಜೀವ ಅಲ್ಲ ಇದು. ಬೆಂಗಳೂರಿನ ಕೂಸು. ಇಷ್ಟು ಬಿಸಿಲೂ ತಡ್ಕೊಳಲ್ಲ."

ಹನುಮವ್ವ ಜಗಿಯುವುದನ್ನು ನಿಲ್ಲಿಸಿದಳು. ಮೊಮ್ಮಗನನ್ನು ಅಪಾರ ಕನಿಕರದಿಂದ ನೋಡಿದಳು.

"ಖರೇ ಅದ ನೋಡ್ರಿ. ಈ ಊರ ಮಂದಿ ಬಿಸಲು ಕಂಡ್ರ ಸಾಕು, ಉಸ್ ಅಂತಾರ. ಪಾಪ, ಇವನೂ ಅವರ ಪೈಕೀನ."

ಕೌದಿ, ಕುಲಾವಿ, ಸ್ವೆಟರು, ಕಾಲುಚೀಲ ಎಲ್ಲವನ್ನೂ ತಾನೇ ಕಿತ್ತೊಗೆದಳು. ಸೊಸೆ ಒದ್ದೆ ಬಟ್ಟೆಯಲ್ಲಿ ಮಗುವಿನ ಮೈ ಒರೆಸಿ, ಹೊರಗೆ ಹೊಂಗೆಯ ನೆರಳಿಗೆ ಒಯ್ದು ಎದೆಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಚಪ್ಪರಿಸುವ ಸದ್ದು ಕೇಳಿಸಿತು. ಹೋದ ಜೀವ ಬಂದಂತಾಯಿತು. ಆದರೂ ಬಿಡದೆ ಆಗಲೇ ಕೇಂದ್ರಕ್ಕೆ ಕರೆದೊಯ್ದು ತೋರಿಸಿದೆ. ಗಾಬರಿಪಡುವಂಥದ್ದೇನಿಲ್ಲ ಎಂದರು ಅಲ್ಲಿನ ಡಾಕ್ಟರು.

ಮುಂದಿನ ಸಭೆಯಲ್ಲಿ, ಆ ಅಜ್ಜಿಯನ್ನು ಹೇಗೆ ಒಪ್ಪಿಸಿದಿರಿ ಎಂದು ತರಬೇತಿಯ ಡಾಕ್ಟರು ಕೇಳಿದರು. "ತಾವು ಹೇಳ್ಕೊಟ್ಟ ಹಾಗೇ ಸರ್" ಎಂದೆ. ಅವರಿಗೆ ಬಹಳ ಸಂತೋಷವಾಯಿತು.

ಆಮೇಲೆ ಎಷ್ಟೋ ಅಜ್ಜಿಯರ ಮೇಲೆ ಅದೇ ಮಾತನ್ನು ಪ್ರಯೋಗಿಸಿದೆ. ನಾಟದ ದಿನವಿರಲಿಲ್ಲ. ಈಗ ನಿವೃತ್ತಿಯಾಗಿ ದೊಮ್ಮಲೂರಿನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದೇನೆ. ಅದು ಬಿಸಿಗಾಳಿಯನ್ನೇ ಬೀಸುತ್ತಿದೆ. ಬೆಂಗಳೂರು ತಂಪಾಗಿದ್ದಷ್ಟು ದಿನ ನನ್ನ ಔಷಧಿ ನಡೆಯಿತು. ಊರೇ ರಾಯಚೂರಾಗಿಬಿಟ್ಟರೆ ಅಜ್ಜಿಯರಿಗೆ ಏನು ಹೇಳಿ ಒಪ್ಪಿಸುವುದು, ನೀವೇ ಹೇಳಿ.